ಜಾಹೀರಾತೂ ನಮ್ಮೂರ ಪೇಟೆಯೂ

ಮೆಟ್ಟುಪಾಳ್ಯಂ ಎಂದೊಡನೆ ನಮ್ಮ ಶಾಲೆಯ ಮಕ್ಕಳಿಗೆ ನೆನಪಾಗುವುದು ಊಟಿಯ ಪುಟ್ಟ ರೈಲು. ಅದು ಸಹಜವೇ. 1899ರಲ್ಲಿ ಕೂನೂರಿನವರೆಗೆ, 1908ರಲ್ಲಿ ಉದಕಮಂಡಲದವರೆಗೆ ಬೆಟ್ಟ ಹತ್ತಿದ ಈ ರೈಲು 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಆದರೆ ರೈಲಿಗಾಗಿ ಬಂದವರಿಗೆ ಊರು ಕಾಣುವುದು ಅರ್ಧ ಗಂಟೆಯ ಮಟ್ಟಿಗೆ ಮಾತ್ರ. ಈ ಶಾಲೆಯಲ್ಲಿ ಕಲಿತು, ಹೊಟ್ಟೆಪಾಡಿಗಾಗಿ ಸತ್ಯಮಂಗಲದ ಘಾಟಿ ಇಳಿದು ಬಂದು ಇಲ್ಲಿ ಮನೆ ಮಾಡಿರುವ ನಮ್ಮಂಥವರಿಗೆ ಇದು ಮೊದಲು ಒಂದು ಪೇಟೆ. ರೈಲು ಆಮೇಲಿನ ಮಾತು. ನೀಲಗಿರಿಯಿಂದ ಇಳಿದದ್ದು ಇಲ್ಲಿ ತೂಗಿಸಿಕೊಂಡು ಮುಂದಕ್ಕೆ ಹೋಗುತ್ತದೆ. ಬಯಲಿನಿಂದ ಬಂದದ್ದು ಇಲ್ಲಿ ಲಾರಿ ಬದಲಿಸಿ ಬೆಟ್ಟ ಹತ್ತುತ್ತದೆ. ನಡುವೆ ಭವಾನಿ ನದಿ ತನ್ನ ಪಾಡಿಗೆ ತಾನು ಹರಿಯುತ್ತಿದೆ.

ಇಂಥ ಊರು ಜಾಹೀರಾತಿನವರಿಗೆ ಬಲು ಪ್ರಿಯ. ಕೊಯಮತ್ತೂರಿನಿಂದ ಇಲ್ಲಿಗೆ ಬರುವ ಸುಮಾರು 35 ಕಿಲೋಮೀಟರು ದಾರಿಯಲ್ಲಿ ಬಸ್ಸಿನ ಕಿಟಕಿಯ ಬದಿಗೆ ಕುಳಿತವರು ಬೇಡವೆಂದರೂ ಓದಲೇಬೇಕು. ಸಿಮೆಂಟು, ಬನಿಯನ್ನು, ಚಿನ್ನ, ಊದುಬತ್ತಿ, ಇಂಜಿನಿಯರಿಂಗ್ ಕಾಲೇಜು, ಬೆಟ್ಟದ ಬುಡದಲ್ಲಿ ನಿವೇಶನ, ಸೊಂಟನೋವಿಗೆ ತೈಲ. ಹಿಂದೆ ಇವೆಲ್ಲ ಗೋಡೆಯ ಮೇಲಿರುತ್ತಿದ್ದವು. ಬಣ್ಣದ ಡಬ್ಬಿ ಹಿಡಿದು, ಏಣಿ ಹೊತ್ತು ಬಂದವರು ಮನೆಯೊಡೆಯನನ್ನು ಒಪ್ಪಿಸಿ, ಗೋಡೆಗೆ ಸುಣ್ಣ ಬಳಿದು, ದಾರ ಹಿಡಿದು ಗೆರೆ ಎಳೆದು, ಆಳೆತ್ತರದ ಅಕ್ಷರ ಬರೆಯುತ್ತಿದ್ದರು. ಒಂದು ಗೋಡೆಗೆ ಪುಕ್ಕಟೆ ಸುಣ್ಣವಾಯಿತೆಂದು ಮನೆಯವರಿಗೂ ಸಂತೋಷ. ಈಗ ಫ್ಲೆಕ್ಸ್ ಬಂದಿದೆ. ಯಂತ್ರ ಒಂದು ಗಳಿಗೆಯಲ್ಲಿ ಮುದ್ರಿಸಿ ಕೊಡುತ್ತದೆ. ಅಷ್ಟು ದುಂಡಾಗಿ ಅಕ್ಷರ ಬರೆಯುತ್ತಿದ್ದವರು ಈಗ ಏನು ಮಾಡುತ್ತಿದ್ದಾರೋ ಎಂದು ನಾವು ಆಗಾಗ ಯೋಚಿಸುವುದುಂಟು.

ಜಾಹೀರಾತನ್ನು ಬೈಯುವುದು ಸುಲಭ. ಬೈದವರೆಲ್ಲ ಸಂಜೆ ಅದೇ ಸಾಬೂನಿನಲ್ಲಿ ಮುಖ ತೊಳೆಯುತ್ತಾರೆ. ನಮಗೆ ಇಲ್ಲಿ ಹೇಳಬೇಕಾಗಿರುವುದು ಬೈಗುಳವಲ್ಲ. ಪೇಟೆಯಲ್ಲಿ ಹಲವು ವರ್ಷ ಓಡಾಡಿ ಕಂಡ ಒಂದು ಸಂಗತಿ. ನಮ್ಮ ಊರಿನಿಂದ ಹೋಗುವ ಸರಕಿಗೆ ಹೆಸರಿಲ್ಲ. ನಮ್ಮ ಊರಿಗೆ ಬರುವ ಸರಕು ಹೆಸರು ಹೊತ್ತುಕೊಂಡೇ ಬರುತ್ತದೆ. ಹೆಸರಿದ್ದದ್ದು ದೊಡ್ಡದು, ಇಲ್ಲದ್ದು ಚಿಕ್ಕದು ಎಂಬ ಭಾವನೆ ನಮ್ಮ ಮಕ್ಕಳ ಮನಸ್ಸಿನಲ್ಲಿ ಯಾವಾಗ ಬೇರೂರಿತೆಂಬುದು ನಮಗೇ ತಿಳಿಯಲಿಲ್ಲ.

ಮೊದಲು ಆಲೂಗಡ್ಡೆಯ ವಿಷಯ. ನೀಲಗಿರಿಯ ಆಲೂಗಡ್ಡೆಗೆ ಮೆಟ್ಟುಪಾಳ್ಯವೇ ಮಾರುಕಟ್ಟೆ. ಬೆಟ್ಟದಲ್ಲಿ ಬಡಗರೂ ಇತರರೂ ಬೆಳೆದದ್ದು ಲಾರಿಯಲ್ಲಿ ಇಳಿದು ಇಲ್ಲಿನ ಮಂಡಿಗಳಲ್ಲಿ ಹರಾಜಾಗುತ್ತದೆ. ಬಡಗರ ಮಾತು ನಮ್ಮ ಕನ್ನಡಕ್ಕೆ ಎಷ್ಟು ಹತ್ತಿರವೆಂದರೆ ಮಂಡಿಯ ಮುಂದೆ ಅವರು ಬೆಲೆಯ ಬಗ್ಗೆ ಗೊಣಗುವುದು ನಮಗೆ ಅರ್ಥವಾಗಿಬಿಡುತ್ತದೆ. ನಮ್ಮ ಕರ್ನಾಟಕದ ಗಡ್ಡೆಯೂ, ದೂರದ ಗುಜರಾತಿನದೂ ಇಲ್ಲಿಗೆ ಬರುವುದುಂಟು. ಮೂಟೆಯ ಲೆಕ್ಕ 45 ಕಿಲೋ. ಹರಾಜು ಕೂಗುವವನು ಗಡ್ಡೆಯನ್ನು ಹೊಗಳುವುದಿಲ್ಲ. ಕೊಳ್ಳುವವನು ಗೋಣಿಯೊಳಕ್ಕೆ ಕೈ ಹಾಕಿ ಒಂದನ್ನು ತೆಗೆದು, ಮಣ್ಣು ಒರೆಸಿ, ಉಗುರಿನಲ್ಲಿ ಸಿಪ್ಪೆ ಕೆರೆದು ನೋಡುತ್ತಾನೆ. ಕೆಮ್ಮಣ್ಣು ಅಂಟಿದ್ದರೆ ಬೆಟ್ಟದ್ದೆಂದು ಗೊತ್ತು, ಒಂದೆರಡು ರೂಪಾಯಿ ಹೆಚ್ಚು. ಅಷ್ಟೇ ಜಾಹೀರಾತು.

ಅದೇ ಮಂಡಿಯ ಎದುರಿನ ಪೆಟ್ಟಿಗೆ ಅಂಗಡಿಯಲ್ಲಿ ಆಲೂಗಡ್ಡೆಯ ಚಿಪ್ಸು ಸರದಂತೆ ತೂಗಾಡುತ್ತಿರುತ್ತದೆ. ಹೊಳೆಯುವ ಪೊಟ್ಟಣ, ಮೇಲೊಬ್ಬ ನಟನ ನಗು. ಮೂಟೆ ಹೊರುವ ಕೂಲಿಯವನ ಮಗ ಶಾಲೆ ಬಿಟ್ಟು ಬಂದು ತಂದೆಯ ಕೈ ಎಳೆದು ಕೇಳುವುದು ಅದನ್ನೇ. ಪೊಟ್ಟಣದ ಚಿಪ್ಸಿಗೆ ಬೇರೆ ತಳಿಯ ಗಡ್ಡೆ ಬೇಕಂತೆ. ಆದ್ದರಿಂದ ನಮ್ಮ ಬೆಟ್ಟದ ಗಡ್ಡೆಯೇ ವೇಷ ಹಾಕಿ ಮರಳಿ ಬಂತೆಂದು ಹೇಳಲಾಗದು. ಆದರೂ ಲೆಕ್ಕ ಹಾಕುವುದರಲ್ಲಿ ತಪ್ಪಿಲ್ಲ. ವಿದ್ಯಾರ್ಥಿ ಮಿತ್ರರೇ, ಹತ್ತು ರೂಪಾಯಿ ಪೊಟ್ಟಣದ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ತೂಕ ಬರೆದಿರುತ್ತದೆ. 20 ಗ್ರಾಂ ಎಂದು ಇಟ್ಟುಕೊಳ್ಳಿ. ಆಗ ಕಿಲೋಗೆ 500 ರೂಪಾಯಿ ಆಯಿತು. ಒಂದು ಕಿಲೋ ಚಿಪ್ಸಿಗೆ ಸುಮಾರು ನಾಲ್ಕು ಕಿಲೋ ಆಲೂಗಡ್ಡೆ ಬೇಕು, ಏಕೆಂದರೆ ಗಡ್ಡೆಯಲ್ಲಿ ಇರುವುದು ಬಹುಪಾಲು ನೀರು. ಕಾದ ಎಣ್ಣೆಯಲ್ಲಿ ಅದು ಆವಿಯಾಗಿ ಹೋಗುತ್ತದೆ. ನಾಲ್ಕು ಕಿಲೋ ಗಡ್ಡೆಯ ಇವತ್ತಿನ ಬೆಲೆಯನ್ನು ನಿಮ್ಮ ತಾಯಿಯನ್ನು ಕೇಳಿ, ಎಣ್ಣೆ ಉಪ್ಪಿನ ಬೆಲೆ ಸೇರಿಸಿ, 500ರಿಂದ ಕಳೆಯಿರಿ. ಉಳಿದದ್ದರಲ್ಲಿ ಕಾರ್ಖಾನೆಯ ಕೂಲಿಯೂ ಉಂಟು, ಲಾರಿಯ ಬಾಡಿಗೆಯೂ ಉಂಟು, ಸರ್ಕಾರದ ತೆರಿಗೆಯೂ ಉಂಟು. ಆ ನಗುವಿನ ಬೆಲೆಯೂ ಅದರಲ್ಲೇ ಉಂಟು. ಪೊಟ್ಟಣದೊಳಗಿನ ಗಾಳಿಯ ಬಗ್ಗೆ ಮಕ್ಕಳು ಹಾಸ್ಯ ಮಾಡುತ್ತಾರೆ. ಅದು ಬರಿಯ ಮೋಸವಲ್ಲ. ಎಣ್ಣೆ ಕಮಟು ಹಿಡಿಯದಿರಲೆಂದು ತುಂಬಿದ ಸಾರಜನಕ. ಬೈಯುವಾಗಲೂ ನ್ಯಾಯವಾಗಿ ಬೈಯಬೇಕಲ್ಲ. ಈಚಿನ ವರ್ಷಗಳಲ್ಲಿ ಬಂದ ನಿಯಮದಿಂದಾಗಿ ಅನೇಕ ಪೊಟ್ಟಣಗಳ ಮೇಲೆ ಒಂದು ಗ್ರಾಮಿಗೆ ಇಷ್ಟು ಬೆಲೆ ಎಂದೂ ಅಚ್ಚಾಗಿರುತ್ತದೆ. ಅದನ್ನು ಓದುವವರನ್ನು ಮಾತ್ರ ನಾವು ನಮ್ಮ ಪೇಟೆಯಲ್ಲಿ ಇನ್ನೂ ಕಂಡಿಲ್ಲ.

ಸಣ್ಣ ಪೊಟ್ಟಣವೆಂಬುದು ಈ ನಾಡಿನಲ್ಲೇ ಬೆಳೆದ ಜಾಣತನ. 1980ರ ದಶಕದಲ್ಲಿ ತಮಿಳುನಾಡಿನ ಕಡಲೂರಿನ ಕಡೆಯವರು ಶಾಂಪೂವನ್ನು ಒಂದು ಸಲಕ್ಕೆ ಸಾಲುವಷ್ಟೇ ಪೊಟ್ಟಣ ಕಟ್ಟಿ ಹಳ್ಳಿಹಳ್ಳಿಗೆ ಮುಟ್ಟಿಸಿದರು. ಬಾಟಲಿ ಕೊಳ್ಳಲಾರದ ಬಡವರಿಗೂ ಸಿರಿವಂತರ ವಸ್ತು ಸಿಕ್ಕಿತೆಂದು ಅದನ್ನು ಮೆಚ್ಚುವವರಿದ್ದಾರೆ. ಆ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಅಲ್ಲಿಯವರೆಗೆ ನಮ್ಮ ಮನೆಗಳಲ್ಲಿ ಸೀಗೆಪುಡಿ, ಈ ಸೀಮೆಯವರ ಮನೆಗಳಲ್ಲಿ ಅರಪ್ಪು ಎಂಬ ಎಲೆಪುಡಿ. ಕಣ್ಣಿಗೆ ಬಿದ್ದರೆ ಉರಿ, ಬಚ್ಚಲೆಲ್ಲ ಕೊಳೆ. ಯಾವ ನಟಿಯೂ ಅದನ್ನು ಹಚ್ಚಿಕೊಂಡು ಕೂದಲು ಬೀಸಿದ್ದನ್ನು ನಾವು ಕಂಡಿಲ್ಲ. ಆದರೆ ಅದು ಬಚ್ಚಲಿನಿಂದ ಹೊರಟು ತೆಂಗಿನ ಬುಡಕ್ಕೆ ಹೋಗಿ ಮಣ್ಣಾಗುತ್ತಿತ್ತು. ಪೊಟ್ಟಣ ಮಣ್ಣಾಗುವುದಿಲ್ಲ. ತಮಿಳುನಾಡಿನಲ್ಲಿ 2019ರ ಜನವರಿ 1ರಿಂದ ಬಳಸಿ ಬಿಸಾಡುವ ಹಲವು ಬಗೆಯ ಪ್ಲಾಸ್ಟಿಕ್ಕಿಗೆ ನಿಷೇಧ ಬಂತು. ನೀಲಗಿರಿಯಲ್ಲಂತೂ ಅದಕ್ಕೂ ಬಹಳ ಮೊದಲೇ ಬಿಗಿಯಿತ್ತು. ನಮ್ಮ ಊರು ದಾಟಿ ಬೆಟ್ಟ ಹತ್ತುವ ವಾಹನಗಳನ್ನು ತಡೆದು ನೀರಿನ ಬಾಟಲಿಗಳನ್ನು ಇಳಿಸಿಕೊಳ್ಳುತ್ತಾರೆ. 2025ರ ಮೇ ತಿಂಗಳಲ್ಲಿ ಕೊಯಮತ್ತೂರಿನ ಮರುದಮಲೆಯ ತಪ್ಪಲಲ್ಲಿ ಒಂದು ಹೆಣ್ಣಾನೆ ಸತ್ತಿತು. ಹೊಟ್ಟೆ ಸೀಳಿ ನೋಡಿದಾಗ ಅದರಲ್ಲಿ ಪ್ಲಾಸ್ಟಿಕ್ ಕಸವಿತ್ತು, ಗರ್ಭದಲ್ಲಿ ಮರಿಯೂ ಇತ್ತು. ಆ ಕಸದಲ್ಲಿ ಯಾವ ಯಾವ ಹೆಸರಿನ ಪೊಟ್ಟಣಗಳಿದ್ದವೆಂದು ಯಾರೂ ಓದಲು ಹೋಗಲಿಲ್ಲ.

ಇನ್ನು ಭಾಷೆಯ ಮಾತು. ಮೆಟ್ಟುಪಾಳ್ಯ, ಕಾರಮಡೆ, ಸಿರುಮುಗೈ ಕಡೆ ಮನೆಯಲ್ಲಿ ಕನ್ನಡ ಆಡುವ ಒಕ್ಕಲಿಗರೂ ದೇವಾಂಗರೂ ತಲೆತಲಾಂತರದಿಂದ ನೆಲಸಿದ್ದಾರೆ. ಅವರಲ್ಲಿ ಬಹುಮಂದಿ ಓದುವುದು ಬರೆಯುವುದು ತಮಿಳಿನಲ್ಲಿ. ಕನ್ನಡ ಅವರಿಗೆ ಬಾಯಿಯ ಭಾಷೆ, ಅಡಿಗೆಮನೆಯ ಭಾಷೆ. ಇಂಥ ಮನೆಗಳಲ್ಲಿ ಕುಳಿತು ಕೇಳುತ್ತಿದ್ದರೆ ಒಂದು ವಿಚಿತ್ರ ಗಮನಕ್ಕೆ ಬರುತ್ತದೆ. "ಸಾಕು", "ಇರೋದ್ರಲ್ಲಿ ಮಾಡ್ಕೊ", "ಹರಿದರೆ ಹೊಲಿ", "ನಾಳೆಗೂ ಇಡು" ಎಂಬ ಮಾತುಗಳೆಲ್ಲ ಅಚ್ಚ ಕನ್ನಡದಲ್ಲಿ ಬರುತ್ತವೆ, ಅದೂ ಅಜ್ಜಿಯ ಬಾಯಿಂದ. ಬೇಕು ಎಂಬ ಮಾತು ಬಂದಾಗ ಮಕ್ಕಳು ತಮಿಳಿಗೋ ಇಂಗ್ಲಿಷಿಗೋ ಜಿಗಿಯುತ್ತಾರೆ. ಆಫರ್ ಇದೆ, ತಳ್ಳುಪಡಿ ಇದೆ, ಇಲವಸ ಸಿಗುತ್ತೆ. ತಳ್ಳುಪಡಿ ಎಂದರೆ ರಿಯಾಯಿತಿ, ಇಲವಸ ಎಂದರೆ ಪುಕ್ಕಟೆ. ಅವರ ತಪ್ಪೇನೂ ಇಲ್ಲ. ಅವರಿಗೆ ಆಸೆಯನ್ನು ಕಲಿಸಿದವರು ಕನ್ನಡದಲ್ಲಿ ಕಲಿಸಲಿಲ್ಲ. ವಿವಿಧ ಭಾರತಿಯಲ್ಲಿ ಜಾಹೀರಾತು ಆರಂಭವಾದದ್ದು 1967ರ ನವೆಂಬರಿನಲ್ಲಿ, ದೂರದರ್ಶನದಲ್ಲಿ 1976ರ ಜನವರಿಯಲ್ಲಿ. ಈಗ ಅಂಗೈಯೊಳಗಿನ ಫೋನಿನಲ್ಲಿ ಅದಕ್ಕೆ ಹೊತ್ತುಗೊತ್ತಿಲ್ಲ. ಇಷ್ಟು ಕಾಲದಲ್ಲಿ ಈ ಮನೆಗಳೊಡನೆ ಯಾವ ಸಾಬೂನೂ ಯಾವ ಸೀರೆಯೂ ಅವರ ಮನೆಮಾತಿನಲ್ಲಿ ಮಾತಾಡಿಲ್ಲ. ಹೀಗಾಗಿ ಮಿತವ್ಯಯವೆಂಬುದು ಮುದುಕರ ಭಾಷೆಯಾಗಿ ಉಳಿಯಿತು.

ಜಾಹೀರಾತು ಪಂಚಾಂಗಕ್ಕೂ ಕೈ ಹಾಕಿದೆ. ತಮಿಳರ ಆಡಿ ತಿಂಗಳು ಹೆಚ್ಚುಕಡಿಮೆ ನಮ್ಮ ಆಷಾಢದ ಹೊತ್ತಿನದು. ಮದುವೆ ಮುಂಜಿಗಳಿಲ್ಲದ, ಹೊಸದೇನನ್ನೂ ಕೊಳ್ಳದ ತಿಂಗಳು. ಅಂಗಡಿಗಳಲ್ಲಿ ನೊಣ ಹೊಡೆಯುವ ಕಾಲ. ಜವಳಿ ವರ್ತಕರು ಈ ತಿಂಗಳಿಗೇ ಗಂಟುಬಿದ್ದು ಆಡಿ ತಳ್ಳುಪಡಿ ಎಂದು ಹುಡುಕಿದರು. ಇಂದು ಕೊಯಮತ್ತೂರಿನ ಜವಳಿ ಬೀದಿಗಳಲ್ಲಿ ಆಡಿ ತಿಂಗಳಲ್ಲಿ ಕಾಲಿಡಲು ಜಾಗವಿಲ್ಲ. ಕೊಳ್ಳಬಾರದ ತಿಂಗಳೇ ಕೊಳ್ಳುವ ತಿಂಗಳಾಯಿತು. ನಮ್ಮ ಬೆಂಗಳೂರಿನವರೂ ಆಷಾಢದ ಮಾರಾಟವೆಂದು ಅದನ್ನೇ ಹಿಡಿದರು. ಅಕ್ಷಯ ತದಿಗೆಗೆ ಚಿನ್ನ ಕೊಳ್ಳಲೇಬೇಕೆಂಬುದು ನಮ್ಮ ಅಜ್ಜಿಯರಿಗೆ ತಿಳಿದೇ ಇರಲಿಲ್ಲ. ಅವರು ಅಂದು ಮಜ್ಜಿಗೆ ಪಾನಕ ದಾನ ಮಾಡುತ್ತಿದ್ದರು. ಮನೆಯ ಗೋಡೆಯ ಮೇಲೆ ದಿನಕ್ಕೊಂದು ಹಾಳೆ ಹರಿಯುವ ತಮಿಳು ಕ್ಯಾಲೆಂಡರು ತೂಗುತ್ತದೆ. ರಾಹುಕಾಲ, ನಲ್ಲ ನೇರ ಎಲ್ಲ ಅದರಲ್ಲಿ ಉಂಟು. ದೇವರ ಪಟದ ಕೆಳಗೆ, ದೇವರಿಗಿಂತ ದಪ್ಪವಾಗಿ, ಕ್ಯಾಲೆಂಡರು ಕೊಟ್ಟ ಒಡವೆ ಅಂಗಡಿಯ ಹೆಸರು. ದಿನ ಬೆಳಗಾದರೆ ಮನೆಯಾಕೆ ಅದರ ಮುಂದೆ ನಿಂತು ಶುಭಗಳಿಗೆ ನೋಡುತ್ತಾಳೆ. ಇದಕ್ಕಿಂತ ಅಗ್ಗವಾದ, ಇದಕ್ಕಿಂತ ಭಕ್ತಿಯಿಂದ ಓದಿಸಿಕೊಳ್ಳುವ ಜಾಹೀರಾತು ಬೇರೊಂದಿರಲಾರದು.

ನಮ್ಮ ಮಾತಿನ ತಿರುಳಿರುವುದು ಸಿರುಮುಗೈಯಲ್ಲಿ. ಮೆಟ್ಟುಪಾಳ್ಯದಿಂದ ಸತ್ಯಮಂಗಲದ ದಾರಿಯಲ್ಲಿ ಹತ್ತು ಕಿಲೋಮೀಟರಿನೊಳಗೆ ಸಿಗುವ ಊರು. ದೇವಾಂಗರ ಬೀದಿಯಲ್ಲಿ ನಡೆದರೆ ಬಾಗಿಲು ಬಾಗಿಲಿನಿಂದ ಮಗ್ಗದ ಸದ್ದು. ಆ ಸದ್ದಿನ ನಡುವೆ ಕನ್ನಡ. ಹಾಸು, ಹೊಕ್ಕು, ಲಾಳಿ, ಕಂಡಿಕೆ ಎಂಬ ಮಾತುಗಳನ್ನು ನಾವು ಪುಸ್ತಕದಲ್ಲಿ ಓದಿದ್ದೆವು. ಕಿವಿಯಾರೆ ಕೇಳಿದ್ದು ಇಲ್ಲಿ. ಮೃದು ರೇಷ್ಮೆಯ ಸೀರೆ ಈ ಊರಿನ ಕಸುಬು. ಕಾಂಚೀಪುರದ ಸೀರೆಯಷ್ಟು ತೂಕವಿಲ್ಲ, ಉಟ್ಟರೆ ಮೈಗೆ ಹಗುರ. ವಿಚಿತ್ರವೆಂದರೆ ಇದೇ ಊರಿನಲ್ಲಿ ಕೃತಕ ರೇಷ್ಮೆಯ ನಾರು ತಯಾರಿಸುವ ದೊಡ್ಡದೊಂದು ವಿಸ್ಕೋಸ್ ಕಾರ್ಖಾನೆಯೂ ಇತ್ತು. ಮರದ ತಿರುಳನ್ನು ರಾಸಾಯನಿಕಗಳಲ್ಲಿ ಕರಗಿಸಿ ನೂಲು ಮಾಡುವ ಕೆಲಸ. ಭವಾನಿಯ ನೀರು ಕೆಟ್ಟಿತೆಂದು ಜನ ಬಹುಕಾಲ ಹೋರಾಡಿದರು. ಈ ಶತಮಾನದ ಮೊದಲ ವರ್ಷಗಳಲ್ಲಿ ಅದು ಮುಚ್ಚಿಹೋಯಿತು. ಹುಳುವಿನ ರೇಷ್ಮೆಯನ್ನು ನೆಯ್ಯುವ ಕೈಮಗ್ಗ ಮಾತ್ರ ಇನ್ನೂ ಆಡುತ್ತಿದೆ.

ನಮಗೆ ಬೇಕಾದವರ ಮನೆಯಲ್ಲಿ ಮಗಳ ಮದುವೆ ನಿಶ್ಚಯವಾಯಿತು. ಹುಡುಗಿಯ ದೊಡ್ಡಮ್ಮ ಸಿರುಮುಗೈಯಲ್ಲಿ ಮಗ್ಗದ ಮೇಲೆ ಕೂರುವವರು. ನಲವತ್ತು ವರ್ಷದ ಕೈ. ಧಾರೆಯ ಸೀರೆಯನ್ನು ತಾನೇ ನೆಯ್ದು ಕೊಡುತ್ತೇನೆ ಎಂದರು. ಹುಡುಗಿ ಬೇಡವೆನ್ನಲಿಲ್ಲ, ಆದರೆ ಮುಖ ಅರಳಲೂ ಇಲ್ಲ. ಅವಳ ಗೆಳತಿಯರೆಲ್ಲ ಕೊಯಮತ್ತೂರಿನ ಒಂದು ದೊಡ್ಡ ಅಂಗಡಿಯಲ್ಲಿ ಸೀರೆ ತೆಗೆದಿದ್ದರು. ಆ ಅಂಗಡಿಯ ಹಾಡು ಟಿ.ವಿ.ಯಲ್ಲಿ ಬರುತ್ತದೆ. ಗೆಳತಿಯರು ಸೀರೆ ಎಲ್ಲಿಯದೆಂದು ಕೇಳಿದರೆ ದೊಡ್ಡಮ್ಮನ ಮನೆಯದೆಂದು ಹೇಳುವುದು ಹೇಗೆ ಎಂಬುದು ಅವಳ ಸಂಕಟ. ನಾವು ಆ ಹುಡುಗಿಯನ್ನು ಹಳಿಯಲಾರೆವು. ಇಪ್ಪತ್ತೆರಡರ ವಯಸ್ಸಿನಲ್ಲಿ ನಾಲ್ಕು ಜನರ ಮುಂದೆ ಸಣ್ಣವಳಾಗಬಾರದೆಂಬುದು ಎಷ್ಟು ದೊಡ್ಡ ಮಾತೆಂದು ಎಲ್ಲರಿಗೂ ಗೊತ್ತು. ಕೊನೆಗೆ ಒಂದು ಸೀರೆ ಅಂಗಡಿಯದಾಗಲಿ ಎಂದು ತೀರ್ಮಾನವಾಗಿ ಎಲ್ಲರೂ ಹೊರಟರು. ದೊಡ್ಡಮ್ಮನೂ ಬಂದರು. ನಾವೂ ಹೋಗಿದ್ದೆವು.

ಅಂಗಡಿ ಎಂದರೆ ಅರಮನೆ. ಮೂರನೆಯ ಅಂತಸ್ತಿನಲ್ಲಿ ಬಿಳಿ ಹಾಸಿನ ಮೇಲೆ ಕೂರಿಸಿ, ಕಾಫಿ ಕೊಟ್ಟು, ಒಂದರ ಮೇಲೊಂದು ಸೀರೆ ಬಿಚ್ಚಿದರು. ಹುಡುಗಿ ಒಂದನ್ನು ಹಿಡಿದು ಬಿಡಲಿಲ್ಲ. ಅದಕ್ಕೊಂದು ಉತ್ತರ ದೇಶದ ಹೆಣ್ಣಿನ ಹೆಸರು, ಹೊಸ ಬಗೆ, ಈ ಅಂಗಡಿಗೆಂದೇ ಮಾಡಿಸಿದ್ದು ಎಂದು ಮಾರುವ ಹುಡುಗ ಹೇಳಿದ. ದೊಡ್ಡಮ್ಮ ಸೆರಗನ್ನು ಎಳೆದುಕೊಂಡು ಮಗುಚಿದರು. ಅಂಚಿನ ಒಳಬದಿಯನ್ನು ಹೆಬ್ಬೆರಳಿನಿಂದ ಸವರಿದರು. ನೂಲು ಜೋಡಿಸಿದ ಗಂಟುಗಳನ್ನು ನೋಡಿದರು. ಆಮೇಲೆ ತಂಗಿಯ ಕಡೆ ತಿರುಗಿ ಮೆಲ್ಲಗೆ ಕನ್ನಡದಲ್ಲಿ, "ಇದು ನಮ್ಮ ಬೀದೀದು" ಎಂದರು. ಅವರ ಮನೆಯದಲ್ಲ, ಎರಡು ಮನೆ ಆಚೆಯ ಮಗ್ಗದ್ದು ಇರಬೇಕು ಎಂದರು. ಬೆಲೆಯ ಚೀಟಿಯಲ್ಲಿದ್ದ ಮೊತ್ತವನ್ನು ನೋಡಿ ಮತ್ತೇನೂ ಹೇಳಲಿಲ್ಲ. ಸಿರುಮುಗೈಯಲ್ಲಿ ಆ ಸೀರೆ ಕೈ ಬಿಡುವ ಬೆಲೆಗೆ ಅದು ಎರಡು ಪಾಲಿಗೂ ಮಿಕ್ಕಿತ್ತು. ಹುಡುಗಿಗೆ ಈ ಮಾತು ಕೇಳಿಸಿತೋ ಇಲ್ಲವೋ, ಸೀರೆ ಅದೇ ಆಯಿತು. ದೊಡ್ಡಮ್ಮ ಅವಳ ಮುಖ ನೋಡಿ, "ಚೆನ್ನಾಗಿದೆ, ತಗೊ" ಎಂದರು. ಅಂಗಡಿಯವರು ನಟಿಯ ಚಿತ್ರವಿರುವ ದಪ್ಪನೆಯ ಚೀಲದಲ್ಲಿ ಹಾಕಿ ಕೊಟ್ಟರು. ಮದುವೆಯಾದ ಮೇಲೆ ಸಿರುಮುಗೈಗೆ ಹೋದಾಗ ಆ ಚೀಲವನ್ನು ನಾವು ಮತ್ತೆ ಕಂಡೆವು. ಮಗ್ಗದ ಪಕ್ಕದ ಮೊಳೆಗೆ ನೇತುಹಾಕಿ ಅದರಲ್ಲಿ ಕಂಡಿಕೆಗಳನ್ನು ತುಂಬಿದ್ದರು. ಗಟ್ಟಿ ಚೀಲ ಎಂದು ಹೊಗಳಿದರು.

ಅಂಗಡಿಯವರು ಮೋಸ ಮಾಡಿದರೇ? ಸೀರೆ ಅಪ್ಪಟ ರೇಷ್ಮೆಯೇ. ಬಂಡವಾಳ, ಬಾಡಿಗೆ, ನೂರಾರು ಜನ ನೌಕರರ ಸಂಬಳ ಎಲ್ಲ ಅವರ ತಲೆಯ ಮೇಲಿದೆ. ಊರಿನ ಹೆಸರು ಹೇಳದಿರುವುದು ಅಪರಾಧವಲ್ಲ. ನಿಜವಾದ ಮೋಸ ಬೇರೆ ಕಡೆ ಇದೆ. ಯಂತ್ರಮಗ್ಗದಲ್ಲಿ ಒಂದು ದಿನದಲ್ಲಿ ಹಲವು ಸೀರೆ ಇಳಿಸಿ ಕೈಮಗ್ಗದ್ದೆಂದು ಮಾರುತ್ತಾರೆ. ಪಾಲಿಯೆಸ್ಟರ್ ಸೇರಿಸಿ ರೇಷ್ಮೆ ಎನ್ನುತ್ತಾರೆ. ಕೆಲವು ಬಗೆಯ ಬಟ್ಟೆ ಕೈಮಗ್ಗಕ್ಕೇ ಮೀಸಲೆಂದು 1985ರಲ್ಲೇ ಕಾನೂನು ಆಗಿದೆ. ರೇಷ್ಮೆಯ ಶುದ್ಧತೆಗೆ ಸಿಲ್ಕ್ ಮಾರ್ಕ್ ಎಂಬ ಮುದ್ರೆ 2004ರಲ್ಲಿ, ಕೈಮಗ್ಗಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ 2006ರಲ್ಲಿ ಬಂದವು. ಮನೆಯಲ್ಲೇ ನೋಡುವ ಉಪಾಯವೂ ಒಂದಿದೆ. ದೊಡ್ಡಮ್ಮ ತೋರಿಸಿಕೊಟ್ಟದ್ದು. ಸೀರೆಯ ತುದಿಯಿಂದ ಹಾಸಿನದೊಂದು, ಹೊಕ್ಕಿನದೊಂದು ಎಳೆ ಎಳೆದು, ದೀಪಕ್ಕೆ ಹಿಡಿಯಬೇಕು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಉಳಿದ ಕರಿ ಬೆರಳಿಗೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ವಿಸ್ಕೋಸ್ ಆದರೆ ಸುಟ್ಟ ಕಾಗದದ ವಾಸನೆ. ಮಕ್ಕಳು ಇದನ್ನು ದೊಡ್ಡವರ ಎದುರಿಗೇ ಮಾಡಬೇಕು. ತಾಯಿಯ ಮದುವೆ ಸೀರೆಯ ಮೇಲೆ ಪ್ರಯೋಗ ನಡೆಸಿದರೆ ಬರುವ ಏಟಿಗೆ ನಾವು ಹೊಣೆಯಲ್ಲ.

ಹೆಸರಿಗೂ ಸರಕಿಗೂ ಇರುವ ನಂಟು ಎಲ್ಲ ಕಡೆಯೂ ಹೀಗೆಯೇ ಎಂದಲ್ಲ. ಮೈಸೂರಿನಲ್ಲಿ 1916ರಲ್ಲಿ ಗಂಧದೆಣ್ಣೆ ಕಾರ್ಖಾನೆ, ಬೆಂಗಳೂರಿನಲ್ಲಿ 1918ರಲ್ಲಿ ಸಾಬೂನು ಕಾರ್ಖಾನೆ ಆದವು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ. ಗಂಧದ ಮರ ಬೆಳೆಯುವ ನಾಡು ತನ್ನ ಹೆಸರನ್ನು ತಾನೇ ಸಾಬೂನಿನ ಮೇಲೆ ಅಚ್ಚು ಹಾಕಿತು. ಇಲ್ಲಿನ ಕನ್ನಡದ ಮನೆಗಳಲ್ಲಿ ಊರಿಂದ ಬಂದ ನೆಂಟರು ಆ ಸಾಬೂನು ತಂದರೆ ಅದನ್ನು ಮೊದಲು ಬೀರುವಿನ ಸೀರೆಗಳ ನಡುವೆ ಇಡುತ್ತಾರೆ, ಸ್ನಾನಕ್ಕೆ ಆಮೇಲೆ. 2025ರ ಮೇ ತಿಂಗಳಲ್ಲಿ ಆ ಸರ್ಕಾರಿ ಸಂಸ್ಥೆ ಪ್ರಚಾರಕ್ಕಾಗಿ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿಗೆ ಗೊತ್ತು ಮಾಡಿದಾಗ, ಕನ್ನಡದ ನಟಿ ಏಕಲ್ಲ ಎಂದು ದೊಡ್ಡ ಗದ್ದಲವಾಯಿತು. ದೇಶದ ಬೇರೆ ಭಾಗಗಳಲ್ಲಿ ಮಾರಾಟ ಹೆಚ್ಚಿಸಬೇಕೆಂಬುದು ಸರ್ಕಾರದ ಸಮಜಾಯಿಷಿ. ನೂರು ವರ್ಷ ಪರಿಮಳದಿಂದಲೇ ಗುರುತು ಸಿಕ್ಕ ವಸ್ತುವಿಗೆ ಮುಖ ಯಾವುದಿರಬೇಕೆಂಬ ಜಗಳ ನಮಗೆ ಸ್ವಲ್ಪ ತಮಾಷೆಯಾಗಿ ಕಂಡಿತು.

ಮತ್ತೆ ರಸ್ತೆಯ ಬೋರ್ಡುಗಳಿಗೆ ಬರೋಣ. ಅವು ಕಣ್ಣಿಗೆ ಮಾತ್ರ ಅಡ್ಡವಲ್ಲ. 2017ರ ನವೆಂಬರಿನಲ್ಲಿ ಕೊಯಮತ್ತೂರಿನ ಅವಿನಾಶಿ ರಸ್ತೆಯಲ್ಲಿ ಸಮಾರಂಭವೊಂದಕ್ಕೆ ಕಟ್ಟಿದ್ದ ಕಮಾನಿಗೆ ಬೈಕು ತಗುಲಿ ಒಬ್ಬ ಯುವ ಇಂಜಿನಿಯರ್ ಸತ್ತರು. 2019ರ ಸೆಪ್ಟೆಂಬರಿನಲ್ಲಿ ಚೆನ್ನೈಯಲ್ಲಿ ಮದುವೆಯ ಫ್ಲೆಕ್ಸ್ ಹರಿದು ಮೇಲೆ ಬಿದ್ದು ಒಬ್ಬ ತರುಣಿ. 2023ರ ಜೂನ್ 1ರಂದು ಕೊಯಮತ್ತೂರಿನ ಕರುಮತ್ತಂಪಟ್ಟಿಯ ಬಳಿ ಭಾರೀ ಬೋರ್ಡು ಕಟ್ಟುತ್ತಿದ್ದಾಗ ಗಾಳಿಗೆ ಅದು ಕುಸಿದು ಮೂವರು ಕೂಲಿಯವರು. ಸತ್ತ ಆ ಮೂವರು ಬೋರ್ಡಿನ ಮೇಲೆ ಬರಬೇಕಾಗಿದ್ದ ವಸ್ತುವನ್ನು ಕೊಳ್ಳುವ ಸ್ಥಿತಿಯಲ್ಲಿ ಇದ್ದರೋ ಇಲ್ಲವೋ.

ಕಾನೂನು ಇಲ್ಲವೆನ್ನುವಂತಿಲ್ಲ. ಮಂತ್ರದಂತೆ ರೋಗ ವಾಸಿ ಮಾಡುತ್ತೇವೆಂಬ ಜಾಹೀರಾತುಗಳಿಗೆ 1954ರಲ್ಲೇ ತಡೆ ಬಂತು. ಗ್ರಾಹಕರ ರಕ್ಷಣೆಗೆ 1986ರಲ್ಲಿ ಕಾನೂನಾಗಿ, ಅದರ ಜಾಗಕ್ಕೆ 2019ರ ಹೊಸ ಕಾನೂನು ಬಂದು 2020ರ ಜುಲೈನಿಂದ ಜಾರಿಯಲ್ಲಿದೆ. ದಾರಿ ತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿವರೆಗೆ ದಂಡ. ಅದರಲ್ಲಿ ನಟಿಸಿ ಹೊಗಳಿದವರೂ ವಿಚಾರಿಸದೆ ಹೊಗಳಿದ್ದರೆ ಹೊಣೆಗಾರರು. 1915 ಎಂಬ ಸಂಖ್ಯೆಗೆ ಫೋನು ಮಾಡಿ ದೂರು ಹೇಳಬಹುದು. ಇದನ್ನು ತಾಯಂದಿರು ಅಡಿಗೆಮನೆಯ ಕ್ಯಾಲೆಂಡರಿನ ಮೇಲೆ, ಒಡವೆ ಅಂಗಡಿಯ ಹೆಸರಿನ ಪಕ್ಕದಲ್ಲೇ ಬರೆದಿಟ್ಟುಕೊಳ್ಳಲಿ. ಆದರೆ ಸುಳ್ಳು ಹೇಳದ ಜಾಹೀರಾತಿಗೆ ಕಾನೂನಿನಲ್ಲಿ ಮದ್ದಿಲ್ಲ. ಆ ಹುಡುಗಿಗೆ ಅಂಗಡಿಯವರು ನಿನ್ನ ದೊಡ್ಡಮ್ಮನ ಸೀರೆ ಕೀಳು ಎಂದು ಎಂದೂ ಹೇಳಿರಲಿಲ್ಲ.

ಸಿರುಮುಗೈಯಲ್ಲಿ ಕಾಲ ಸ್ವಲ್ಪ ಹೊರಳಿದಂತೆ ಕಾಣುತ್ತದೆ. ಕೆಲವು ಮಗ್ಗದವರು ತಾವೇ ಫೋನಿನಲ್ಲಿ ಸೀರೆಯ ಚಿತ್ರ ಕಳಿಸಿ ದೂರದ ಊರುಗಳಿಗೆ ಮಾರುತ್ತಿದ್ದಾರೆ. 1935ರಿಂದ ಇರುವ ಕೋ-ಆಪ್ಟೆಕ್ಸ್ ಸಹಕಾರ ಸಂಸ್ಥೆ ಹಿಂದೊಮ್ಮೆ ತನ್ನ ಸೀರೆಗಳಿಗೆ ನೆಯ್ದವರ ಹೆಸರು, ಭಾವಚಿತ್ರ ಇರುವ ಚೀಟಿ ಕಟ್ಟಿ ಮಾರಿದ್ದುಂಟು. ಅದನ್ನು ಕಂಡಿದ್ದ ದೊಡ್ಡಮ್ಮನ ಮಗ ಈಗ ತಾವು ನೆಯ್ದ ಸೀರೆಯ ಸೆರಗಿನ ಒಳಬದಿಗೆ ಒಂದು ಪುಟ್ಟ ಚೀಟಿ ಹೊಲಿಯಬೇಕೆಂದಿದ್ದಾನೆ. ಊರಿನ ಹೆಸರು, ಅಮ್ಮನ ಹೆಸರು, ಅಷ್ಟೇ. ಇಂಗ್ಲಿಷಿನಲ್ಲಿ ಇರಲೇಬೇಕು, ತಮಿಳಿನಲ್ಲೂ ಇರಬೇಕು ಎಂದ. ಆಗ ದೊಡ್ಡಮ್ಮ ಒಲೆಯ ಮುಂದಿನಿಂದಲೇ, "ನಮ್ಮ ಮಾತಲ್ಲೂ ಒಂದು ಸಾಲು ಇರಲಿ" ಎಂದರು. ಅವರಿಗೆ ಕನ್ನಡ ಓದಲು ಬಾರದು, ಮಗನಿಗೂ ಬಾರದು. ಯಾರು ಓದುತ್ತಾರಮ್ಮ ಎಂದು ಅವನು ನಕ್ಕ. ಅವರೇನೂ ಉತ್ತರ ಕೊಡಲಿಲ್ಲ. ನಾವು ಒಂದು ಕಾಗದದ ಮೇಲೆ ಎರಡು ಹೆಸರನ್ನೂ ಕನ್ನಡದಲ್ಲಿ ದುಂಡಾಗಿ ಬರೆದು ಕೊಟ್ಟೆವು. ಅವನು ಅದರ ಚಿತ್ರ ತೆಗೆದುಕೊಂಡ. ದೊಡ್ಡಮ್ಮ ಕಾಗದವನ್ನು ಬೆಳಕಿಗೆ ಹಿಡಿದು, ಇದರಲ್ಲಿ ನನ್ನ ಹೆಸರು ಯಾವುದು ಎಂದು ಕೇಳಿದರು. ತೋರಿಸಿದೆವು. ಚೀಟಿಗೆ ಜಾಗ ಸಾಲುತ್ತದೆಯೇ ಎಂದು ಅಚ್ಚಿನವರನ್ನು ಕೇಳಿ, ದೀಪಾವಳಿಯ ಸೀರೆಗಳು ಮುಗಿದ ಮೇಲೆ ತಿಳಿಸುವುದಾಗಿ ಮಗ ಹೇಳಿದ್ದಾನೆ.